ಟ್ಯೂಬಿಂಗನ್‌ನಲ್ಲಿ ಓದು ಮತ್ತು ವಾಸ: ಕರ್ನಾಟಕದಿಂದ ಹೊರಡುವ ವಿದ್ಯಾರ್ಥಿಗೆ ಸಮಗ್ರ ಮಾರ್ಗದರ್ಶಿ

ಜರ್ಮನಿಯ ನೈಋತ್ಯ ಮೂಲೆಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ, ನೆಕ್ಕರ್ ನದಿಯ ದಂಡೆಯ ಮೇಲೆ ಟ್ಯೂಬಿಂಗನ್ ಇದೆ. ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಊರಿನ ಜನಸಂಖ್ಯೆ ತೊಂಬತ್ತು ಸಾವಿರದ ಆಸುಪಾಸು. 1477ರಲ್ಲಿ ಸ್ಥಾಪನೆಯಾದ ಇಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ಸುಮಾರು 28 ಸಾವಿರ. ನಮ್ಮಲ್ಲಿನಂತೆ ಗೇಟು, ಕಾಂಪೌಂಡು ಇರುವ ಒಂದೇ ಆವರಣವನ್ನು ಹುಡುಕಿದರೆ ಸಿಗುವುದಿಲ್ಲ. ಕಲಾ ವಿಭಾಗಗಳು ವಿಲ್ಹೆಲ್ಮ್ ರಸ್ತೆಯ ಉದ್ದಕ್ಕೂ ಚದುರಿವೆ, ವಿಜ್ಞಾನ ವಿಭಾಗಗಳು ಮೋರ್ಗೆನ್‌ಸ್ಟೆಲ್ಲೆ ಎಂಬ ಗುಡ್ಡದ ಮೇಲಿವೆ. ಕನ್ನಡಿಗರಿಗೆ ಈ ಊರು ತೀರ ಅಪರಿಚಿತವೂ ಅಲ್ಲ. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ದೇವಶಾಸ್ತ್ರ ಓದಿದ್ದು ಇಲ್ಲಿ; ನಿಘಂಟುಕಾರ ಫರ್ಡಿನೆಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದೂ ಇಲ್ಲಿಯೇ.

ಈ ಮಾರ್ಗದರ್ಶಿಯನ್ನು ಓದುವಾಗ ಒಂದು ಸಂಗತಿಯನ್ನು ಗಮನದಲ್ಲಿಟ್ಟುಕೊಳ್ಳಬೇಕು. ಜರ್ಮನಿಯಲ್ಲಿ ಪ್ರತಿಯೊಂದು ಕಾಗದವೂ ಮುಂದಿನ ಕಾಗದಕ್ಕೆ ಕೀಲಿಕೈ. ಮನೆಯ ವಿಳಾಸವಿಲ್ಲದೆ ನಗರದ ನೋಂದಣಿ ಆಗುವುದಿಲ್ಲ, ನೋಂದಣಿಯಿಲ್ಲದೆ ತೆರಿಗೆ ಸಂಖ್ಯೆ ಬರುವುದಿಲ್ಲ, ಆರೋಗ್ಯ ವಿಮೆಯಿಲ್ಲದೆ ಪ್ರವೇಶ ಪೂರ್ತಿಯಾಗುವುದಿಲ್ಲ. ಆದ್ದರಿಂದ ಕೆಲಸಗಳ ಪಟ್ಟಿಗಿಂತ ಅವುಗಳ ಸರದಿಯೇ ಮುಖ್ಯ, ಮತ್ತು ಇಲ್ಲಿನ ವಿವರಗಳನ್ನು ಆ ಸರದಿಯಲ್ಲಿಯೇ ಕೊಟ್ಟಿದ್ದೇನೆ.

ಒಂದು ವರ್ಷ ಮುಂಚೆ: ಹೆಸರು, ಎಪಿಎಸ್, ಅರ್ಜಿ

ಮೊದಲು ನಿಮ್ಮ ಹೆಸರನ್ನು ಸರಿಮಾಡಿಕೊಳ್ಳಿ. ನಮ್ಮಲ್ಲಿ ಅನೇಕರ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಊರಿನ ಅಥವಾ ತಂದೆಯ ಹೆಸರಿನ ಇನಿಷಿಯಲ್ ಮಾತ್ರ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅದು ವಿಸ್ತಾರಗೊಂಡಿರುತ್ತದೆ ಅಥವಾ ಕುಲನಾಮದ ಜಾಗವೇ ಖಾಲಿ ಬಿದ್ದಿರುತ್ತದೆ. ಜರ್ಮನಿಯ ಪ್ರತಿಯೊಂದು ಅರ್ಜಿಯೂ ಮೊದಲ ಹೆಸರು ಮತ್ತು ಕುಲನಾಮ ಎಂಬ ಎರಡು ಪ್ರತ್ಯೇಕ ಜಾಗಗಳನ್ನು ತುಂಬಲೇಬೇಕೆಂದು ಕೇಳುತ್ತದೆ. ಒಂದೊಂದು ಕಡೆ ಒಂದೊಂದು ರೀತಿ ಬರೆದರೆ ಬ್ಯಾಂಕು, ವಿಮೆ, ವಿಶ್ವವಿದ್ಯಾಲಯಗಳ ದಾಖಲೆಗಳು ಪರಸ್ಪರ ಹೊಂದದೆ ಎರಡು ವರ್ಷವೂ ವಿವರಣೆ ಕೊಡುತ್ತಲೇ ಇರಬೇಕಾಗುತ್ತದೆ. ಪಾಸ್‌ಪೋರ್ಟ್‌ನಲ್ಲಿ ಎರಡೂ ಜಾಗ ತುಂಬಿರುವಂತೆ ಮಾಡಿಸಿ, ಆಮೇಲೆ ಎಲ್ಲೆಡೆ ಅದೇ ಕಾಗುಣಿತವನ್ನು ಬಳಸಿ.

ಭಾರತೀಯ ವಿದ್ಯಾರ್ಥಿಗಳ ವಿದ್ಯಾರ್ಹತೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವು 2022ರ ನವೆಂಬರ್‌ನಿಂದ ವಿದ್ಯಾರ್ಥಿ ವೀಸಾಕ್ಕೆ ಕಡ್ಡಾಯವಾಗಿದೆ. ಇದರ ಶುಲ್ಕ 18,000 ರೂಪಾಯಿ. ಎಸ್ಸೆಸ್ಸೆಲ್ಸಿಯಿಂದ ಪದವಿಯವರೆಗಿನ ಅಂಕಪಟ್ಟಿಗಳೆಲ್ಲ ಬೇಕಾಗುವುದರಿಂದ, ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ಪಡೆಯುವ ಓಡಾಟವನ್ನು ಕೊನೆಯ ಸೆಮಿಸ್ಟರ್‌ಗೆ ಮುಂಚೆಯೇ ಆರಂಭಿಸುವುದು ಒಳ್ಳೆಯದು. ಈ ಕೌಂಟರಿನಿಂದ ಆ ಕೌಂಟರಿಗೆ ಹೋಗಿ ಬರುವುದರಲ್ಲಿಯೇ ವಾರಗಳು ಕಳೆಯುತ್ತವೆ.

ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಲೆಕ್ಕವಾಗುತ್ತದೆ. ಸಾಮಾನ್ಯವಾಗಿ ಜುಲೈ 15 ಕೊನೆಯ ದಿನವೆಂದು ಹೇಳುವುದುಂಟು, ಆದರೆ ಇಂಗ್ಲಿಷ್ ಮಾಧ್ಯಮದ ಅನೇಕ ಸ್ನಾತಕೋತ್ತರ ಕೋರ್ಸ್‌ಗಳ ಗಡುವು ಅದಕ್ಕೂ ತಿಂಗಳುಗಳ ಮುಂಚೆಯೇ ಮುಗಿದುಹೋಗುತ್ತದೆ. ಆಯಾ ಕೋರ್ಸಿನ ಅಧಿಕೃತ ಪುಟವೊಂದನ್ನೇ ನಂಬಿ. ನಮ್ಮ ಅಂಕಗಳನ್ನು ಜರ್ಮನ್ ದರ್ಜೆಗೆ ಇಳಿಸುವ ಪರಿಷ್ಕೃತ ಬವೇರಿಯನ್ ಸೂತ್ರ ಸರಳವಾಗಿದೆ: ಗರಿಷ್ಠ ಅಂಕದಿಂದ ನಿಮ್ಮ ಅಂಕವನ್ನು ಕಳೆದು, ಅದನ್ನು ಗರಿಷ್ಠ ಮತ್ತು ಉತ್ತೀರ್ಣ ಅಂಕಗಳ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸಬೇಕು. ಗರಿಷ್ಠ 10, ಉತ್ತೀರ್ಣಕ್ಕೆ 4 ಇರುವಲ್ಲಿ ನಿಮ್ಮ ಸಿಜಿಪಿಎ 8.5 ಆಗಿದ್ದರೆ ಬರುವ ದರ್ಜೆ 1.75. ಅಲ್ಲಿ 1.0 ಅತ್ಯುತ್ತಮ, 4.0 ಪಾಸಾಗಲು ಬೇಕಾದ ಕನಿಷ್ಠ ದರ್ಜೆ. ಸಂಖ್ಯೆ ಇಳಿದಷ್ಟೂ ಸಾಧನೆ ಹೆಚ್ಚು ಎಂಬುದಕ್ಕೆ ಮನಸ್ಸು ಒಗ್ಗಲು ಸ್ವಲ್ಪ ಕಾಲ ಬೇಕು.

ಕೋರ್ಸು ಇಂಗ್ಲಿಷ್‌ನಲ್ಲಿದ್ದರೂ ಜರ್ಮನ್ ಕಲಿಯದೆ ಹೋಗಬೇಡಿ. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಅಥವಾ ನಿಮ್ಮ ಊರಿನ ಯಾವುದಾದರೂ ತರಗತಿಯಲ್ಲಿ ಎ2, ಅಂದರೆ ಭಾಷಾ ಕಲಿಕೆಯ ಎರಡನೆಯ ಮಟ್ಟ ಮುಗಿಸಿದವರಿಗೆ ಬಾಡಿಗೆ ಕರಾರು, ವಿಮೆಯ ಪತ್ರ, ವೈದ್ಯರ ಚೀಟಿಗಳನ್ನು ಓದಲು ದಾರಿ ಸಿಗುತ್ತದೆ. ಅಲ್ಲಿ ಹೋದ ಮೇಲೆ ಕಲಿಯುತ್ತೇನೆ ಎನ್ನುವವರು ಹೆಚ್ಚಾಗಿ ಮೊದಲ ಸೆಮಿಸ್ಟರಿನ ಪಾಠದ ಹೊರೆಯಲ್ಲಿ ಅದನ್ನು ಮುಂದೂಡುತ್ತಾರೆ.

ಹಣ ಮತ್ತು ವೀಸಾ

ವೀಸಾಕ್ಕೆ ಖರ್ಚಿನ ಸಾಮರ್ಥ್ಯವನ್ನು ತೋರಿಸುವ ರೂಢಿಯ ಮಾರ್ಗವೆಂದರೆ ನಿರ್ಬಂಧಿತ ಖಾತೆ, ಅಂದರೆ ಬ್ಲಾಕ್ಡ್ ಅಕೌಂಟ್. 2024ರ ಸೆಪ್ಟೆಂಬರ್‌ನಿಂದ ಅದರಲ್ಲಿ ಇಡಬೇಕಾದ ಮೊತ್ತ ವರ್ಷಕ್ಕೆ 11,904 ಯೂರೊ. ಜರ್ಮನಿಗೆ ಹೋಗಿ ಸಾಮಾನ್ಯ ಬ್ಯಾಂಕ್ ಖಾತೆ ತೆರೆದ ಮೇಲೆ ಅದರಿಂದ ತಿಂಗಳಿಗೆ 992 ಯೂರೊ ಬಿಡುಗಡೆಯಾಗುತ್ತದೆ.

ಇಲ್ಲಿಯೇ ಅನೇಕರು ಲೆಕ್ಕ ತಪ್ಪುತ್ತಾರೆ. ಜರ್ಮನಿಯಲ್ಲಿ ಬೋಧನಾ ಶುಲ್ಕವಿಲ್ಲ ಎಂಬ ಮಾತು ಬಹುತೇಕ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳ ಮಟ್ಟಿಗೆ ನಿಜವಾದರೂ, ಬಾಡೆನ್-ವುರ್ಟೆಂಬರ್ಗ್ ರಾಜ್ಯವು 2017ರ ಚಳಿಗಾಲದ ಸೆಮಿಸ್ಟರ್‌ನಿಂದ ಯುರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ ಸೆಮಿಸ್ಟರಿಗೆ 1,500 ಯೂರೊ ವಸೂಲು ಮಾಡುತ್ತಿದೆ. ಎಲ್ಲ ವಿದ್ಯಾರ್ಥಿಗಳೂ ಕೊಡಬೇಕಾದ ಸೆಮಿಸ್ಟರ್ ವಂತಿಗೆ ಬೇರೆ. ಯೂರೊಗೆ ನೂರು ರೂಪಾಯಿ ಎಂದು ಹಿಡಿದರೆ ಮೊದಲ ವರ್ಷಕ್ಕೆ ಕನಿಷ್ಠ ಹದಿನೈದು ಲಕ್ಷ, ಅದರ ಮೇಲೆ ವಿಮಾನದ ಟಿಕೆಟ್, ಮನೆಯ ಮುಂಗಡ, ಚಳಿಯ ಬಟ್ಟೆಗಳ ಖರ್ಚು ಇರುತ್ತದೆ. ಬ್ಯಾಂಕಿನಲ್ಲಿ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕುವಾಗ ಈ ಎಲ್ಲವನ್ನೂ ಸೇರಿಸಿಯೇ ಮೊತ್ತ ಹೇಳಿ. ನಿರ್ಬಂಧಿತ ಖಾತೆಯಿಂದ ಶುಲ್ಕವನ್ನೂ ಕಟ್ಟಿಬಿಡುತ್ತೇನೆಂದುಕೊಂಡವರಿಗೆ ತಿಂಗಳ ಖರ್ಚಿಗೆ ಏನೂ ಉಳಿಯುವುದಿಲ್ಲ.

ಕರ್ನಾಟಕದವರ ವೀಸಾ ಅರ್ಜಿಗಳನ್ನು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ಪರಿಶೀಲಿಸುತ್ತದೆ. ಶುಲ್ಕ 75 ಯೂರೊ. ಪ್ರವೇಶ ಪತ್ರ, ಎಪಿಎಸ್, ನಿರ್ಬಂಧಿತ ಖಾತೆಯ ದೃಢೀಕರಣ, ವಿಮೆ ಇವು ಮುಖ್ಯ ದಾಖಲೆಗಳು. ಪ್ರವೇಶ ಪತ್ರ ಕೈಸೇರಿದ ದಿನವೇ ಅರ್ಜಿಯ ಕೆಲಸ ಶುರುಮಾಡಿ, ಏಕೆಂದರೆ ಯುರೋಪಿನ ಬೇಸಿಗೆಯ ತಿಂಗಳುಗಳಲ್ಲಿ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ.

ಮನೆ: ಎಲ್ಲಕ್ಕಿಂತ ಕಠಿಣವಾದ ಗಂಟು

ಸಣ್ಣ ಊರು, ಮೂರರಲ್ಲಿ ಒಬ್ಬರಷ್ಟು ವಿದ್ಯಾರ್ಥಿಗಳು, ಪ್ರತಿ ಅಕ್ಟೋಬರ್‌ನಲ್ಲಿ ಒಟ್ಟಿಗೆ ಬಂದಿಳಿಯುವ ಸಾವಿರಾರು ಜನ. ಟ್ಯೂಬಿಂಗನ್‌ನಲ್ಲಿ ಕೋಣೆ ಸಿಗುವುದು ಕಷ್ಟವೆನ್ನಲು ಬೇರೆ ಕಾರಣ ಬೇಕಿಲ್ಲ. ಪ್ರವೇಶ ಖಚಿತವಾದ ಕೂಡಲೇ ವಿದ್ಯಾರ್ಥಿ ಕಲ್ಯಾಣ ಸಂಸ್ಥೆಯಾದ ಸ್ಟುಡಿಯರೆಂಡೆನ್‌ವೆರ್ಕ್‌ಗೆ ಹಾಸ್ಟೆಲ್ ಕೋಣೆಗಾಗಿ ಅರ್ಜಿ ಹಾಕಿ; ವೀಸಾ ಬರಲಿ ಎಂದು ಕಾಯಬೇಡಿ. ಊರಿನ ಉತ್ತರದ ಗುಡ್ಡದ ಮೇಲಿರುವ ವಾಲ್ಡ್‌ಹಾಯ್ಸರ್ ಓಸ್ಟ್‌ನಲ್ಲಿ ಈ ಸಂಸ್ಥೆಯ ದೊಡ್ಡ ವಿದ್ಯಾರ್ಥಿ ಬಡಾವಣೆ ಇದೆ. ಖಾಸಗಿ ಕೋಣೆಗಳಿಗಿಂತ ಬಾಡಿಗೆ ಕಡಿಮೆ, ಕರಾರು ಸ್ಪಷ್ಟ, ಮೋಸದ ಭಯವಿಲ್ಲ.

ಹಾಸ್ಟೆಲ್ ಸಿಗದಿದ್ದರೆ ವೇಗೇ ಎಂದು ಕರೆಯುವ ಹಂಚಿಕೆಯ ಮನೆಗಳನ್ನು ಹುಡುಕಬೇಕು. ಒಂದು ಮನೆಯಲ್ಲಿ ಮೂರೋ ನಾಲ್ಕೋ ಜನ, ಒಬ್ಬೊಬ್ಬರಿಗೆ ಒಂದು ಕೋಣೆ, ಅಡುಗೆಮನೆ ಮತ್ತು ಬಚ್ಚಲು ಎಲ್ಲರಿಗೂ ಒಂದೇ. ಅಲ್ಲಿ ವಾಸಿಸುತ್ತಿರುವವರೇ ಹೊಸಬರನ್ನು ಸಂದರ್ಶಿಸಿ ಆರಿಸುತ್ತಾರೆ. ನಮ್ಮ ಕಡೆ ಹೆಣ್ಣು ನೋಡಲು ಹೋಗುವ ಶಾಸ್ತ್ರಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ, ಚಹಾ ಕೂಡ ಕೊಡುತ್ತಾರೆ. ಎಲ್ಲರಿಗೂ ಕಳಿಸುವ ಒಂದೇ ಸಂದೇಶವನ್ನು ಇವರಿಗೂ ಕಳಿಸಿದರೆ ಉತ್ತರ ಬರುವುದಿಲ್ಲ. ನೀವೇನು ಓದುತ್ತೀರಿ, ಅಡುಗೆ ಮಾಡುತ್ತೀರಾ, ಬಿಡುವಿನಲ್ಲಿ ಏನು ಮಾಡುತ್ತೀರಿ, ಅವರ ಜಾಹೀರಾತಿನ ಯಾವ ಮಾತು ನಿಮಗೆ ಹಿಡಿಸಿತು ಎಂಬುದನ್ನು ಆರೇಳು ಸಾಲಿನ ಜರ್ಮನ್‌ನಲ್ಲಿ ಬರೆಯಿರಿ. ತಪ್ಪುಗಳಿದ್ದರೂ ಪರವಾಗಿಲ್ಲ.

ಜಾಹೀರಾತಿನಲ್ಲಿ ಎರಡು ಬಾಡಿಗೆಗಳು ಕಾಣುತ್ತವೆ. ಕಾಲ್ಟ್‌ಮೀಟೆ ಎಂದರೆ ಬರಿಯ ಕೋಣೆಯ ಬಾಡಿಗೆ. ವಾರ್ಮ್‌ಮೀಟೆಯಲ್ಲಿ ನೀರು, ಬಿಸಿಯ ವ್ಯವಸ್ಥೆ, ಕಸ ವಿಲೇವಾರಿಯ ಖರ್ಚುಗಳು ಸೇರಿರುತ್ತವೆ, ಆದರೆ ವಿದ್ಯುತ್ ಮತ್ತು ಇಂಟರ್‌ನೆಟ್ ಸೇರಿವೆಯೇ ಎಂದು ಪ್ರತ್ಯೇಕವಾಗಿ ಕೇಳಬೇಕು. ಕೌಟ್ಸಿಯೋನ್ ಎಂಬ ಮುಂಗಡವು ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಹೆಚ್ಚಿರುವಂತಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ಸಮಾಧಾನದ ವಿಷಯ.

ಮೋಸದ ಜಾಹೀರಾತುಗಳ ಧಾಟಿ ಹೆಚ್ಚು ಬದಲಾಗುವುದಿಲ್ಲ. ಊರ ನಡುವೆ ಅಚ್ಚುಕಟ್ಟಾದ ಮನೆ, ನಂಬಲಾಗದಷ್ಟು ಕಡಿಮೆ ಬಾಡಿಗೆ, ಮಾಲೀಕರು ಕೆಲಸದ ಮೇಲೆ ಬೇರೆ ದೇಶದಲ್ಲಿದ್ದಾರೆ, ಮುಂಗಡ ಕಳಿಸಿದರೆ ಕೀಲಿಯನ್ನು ಅಂಚೆಯಲ್ಲಿ ಕಳಿಸುತ್ತಾರೆ. ನೀವಾಗಲಿ ನಿಮ್ಮ ಪರವಾಗಿ ಯಾರಾದರೂ ಆಗಲಿ ಒಳಗೆ ಕಾಲಿಟ್ಟು ನೋಡದ ಮನೆಗೆ ಒಂದು ಯೂರೊ ಕೂಡ ಕಳಿಸಬೇಡಿ, ಪಾಸ್‌ಪೋರ್ಟಿನ ಪ್ರತಿಯನ್ನೂ ಕಳಿಸಬೇಡಿ. ಏನೂ ಸಿಗದಿದ್ದರೆ ಮೊದಲ ಕೆಲವು ತಿಂಗಳಿಗೆ ಉಪಬಾಡಿಗೆಯ ಕೋಣೆ ಹಿಡಿಯಬಹುದು. ಪಕ್ಕದ ರಾಯ್ಟ್‌ಲಿಂಗನ್ ಅಥವಾ ರೋಟನ್‌ಬುರ್ಗ್‌ನಿಂದ ರೈಲಿನಲ್ಲಿ ಓಡಾಡುವವರೂ ಇದ್ದಾರೆ. ಯಾವುದೇ ಕೋಣೆಯಾದರೂ, ಆ ವಿಳಾಸದಲ್ಲಿ ನೋಂದಣಿ ಮಾಡಿಸಲು ಮಾಲೀಕರು ಒಪ್ಪುತ್ತಾರೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ಕೇಳಿ. ಒಪ್ಪದ ಮನೆ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಸಾಮಾನು ಕಟ್ಟುವಾಗ

ತುಪ್ಪ, ಪೇಡ ಸೇರಿದಂತೆ ಹಾಲಿನ ಪದಾರ್ಥಗಳನ್ನು ಮತ್ತು ಮಾಂಸವನ್ನು ಪ್ರಯಾಣಿಕರು ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ತೆಂಗಿನಕಾಯಿ, ಬಾಳೆಹಣ್ಣು ಸೇರಿದಂತೆ ಕೆಲವೇ ಹಣ್ಣುಗಳಿಗೆ ಇದರಿಂದ ವಿನಾಯಿತಿ ಇದೆ ಎಂಬುದು ಕರಾವಳಿಯವರಿಗೆ ಸಂತೋಷದ ಸುದ್ದಿ. ಸಾರಿನ ಪುಡಿ, ಚಟ್ನಿಪುಡಿಗಳನ್ನು ಒಯ್ಯಬಹುದು. ಅಕ್ಕಿ, ತೊಗರಿಬೇಳೆ, ಹುಣಸೆಹಣ್ಣು ಏಷ್ಯಾದ ಪದಾರ್ಥಗಳ ಅಂಗಡಿಗಳಲ್ಲಿ ಸಿಗುವುದರಿಂದ ಅವುಗಳಿಗೆ ತೂಕ ಕೊಡಬೇಕಿಲ್ಲ. ಪುಟ್ಟ ಕುಕ್ಕರ್ ಒಯ್ಯುವುದಾದರೆ ಇಂಡಕ್ಷನ್ ಒಲೆಗೆ ಹೊಂದುವ ಸ್ಟೀಲಿನದನ್ನೇ ಆರಿಸಿ, ಅಲ್ಯೂಮಿನಿಯಂ ಆ ಒಲೆಯ ಮೇಲೆ ಬಿಸಿಯಾಗುವುದಿಲ್ಲ. ನಮ್ಮ ಮೂರು ಪಿನ್ನಿನ ಪ್ಲಗ್ಗು ಅಲ್ಲಿನ ಸಾಕೆಟ್ಟಿಗೆ ಹೊಂದದು, ಒಂದೆರಡು ಅಡಾಪ್ಟರ್ ಇರಲಿ. ದಪ್ಪ ಜಾಕೆಟ್ಟನ್ನು ಅಲ್ಲಿಯೇ ಕೊಳ್ಳುವುದು ಮೇಲು.

ಮೊದಲ ತಿಂಗಳು: ಕಾಗದಗಳ ಸರದಿ

ಕೋಣೆಗೆ ಹೋದ ದಿನ ಮಾಡಬೇಕಾದ ಮೊದಲ ಕೆಲಸ ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸುವುದು. ಇದು ತಮಾಷೆಯ ಮಾತಲ್ಲ. ವಿಳಾಸದಲ್ಲಿ ಕೋಣೆಯ ಸಂಖ್ಯೆ ಬರೆಯುವ ಪದ್ಧತಿ ಹೆಚ್ಚಾಗಿ ಇಲ್ಲದ್ದರಿಂದ ಅಂಚೆಯವರು ಪೆಟ್ಟಿಗೆಯ ಮೇಲಿನ ಹೆಸರನ್ನೇ ನೋಡಿ ಪತ್ರ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಬ್ಯಾಂಕಿನ ಕಾರ್ಡು, ವಿಮೆಯ ಕಾರ್ಡು, ತೆರಿಗೆ ಸಂಖ್ಯೆ ಎಲ್ಲವೂ ಕಳಿಸಿದವರಿಗೇ ಮರಳುತ್ತವೆ. ನನ್ನ ಮೊದಲ ಬ್ಯಾಂಕ್ ಕಾರ್ಡು ಹೀಗೆ ಹಿಂದಿರುಗಿ, ಮೂರು ವಾರ ಗೆಳೆಯರ ಸಾಲದಲ್ಲಿ ಅಕ್ಕಿ ಕೊಂಡಿದ್ದೆ.

ಮನೆ ಸೇರಿದ ಎರಡು ವಾರದೊಳಗೆ ನಗರದ ಬ್ಯುರ್ಗರ್‌ಆಮ್ಟ್ ಕಚೇರಿಯಲ್ಲಿ ಆನ್‌ಮೆಲ್ಡುಂಗ್, ಅಂದರೆ ನಿವಾಸಿಯಾಗಿ ನೋಂದಣಿ ಮಾಡಿಸಬೇಕು. ಪಾಸ್‌ಪೋರ್ಟ್ ಜೊತೆಗೆ, ಇವರು ನನ್ನ ಮನೆಯಲ್ಲಿ ವಾಸಿಸುತ್ತಿದ್ದಾರೆ ಎಂದು ಮಾಲೀಕರು ಸಹಿ ಮಾಡಿದ ಪ್ರತ್ಯೇಕ ದೃಢೀಕರಣ ಪತ್ರ ಬೇಕು. ಬಾಡಿಗೆ ಕರಾರು ಅದರ ಬದಲಿಗೆ ನಡೆಯುವುದಿಲ್ಲ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಭೇಟಿಯ ಸಮಯ ಸಿಗುವುದು ತಡವಾಗುವುದರಿಂದ ಊರಿಗೆ ಬರುವ ಮುಂಚೆಯೇ ಆನ್‌ಲೈನ್‌ನಲ್ಲಿ ಕಾಯ್ದಿರಿಸಲು ನೋಡಿ. ನೋಂದಣಿಯಾದ ಕೆಲವು ವಾರಗಳಲ್ಲಿ ತೆರಿಗೆ ಗುರುತಿನ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದನ್ನು ಜೀವನಪರ್ಯಂತ ಜೋಪಾನವಾಗಿಡಿ.

ಆರೋಗ್ಯ ವಿಮೆಯ ವಿಷಯದಲ್ಲಿ ಅಗ್ಗದ ಖಾಸಗಿ ವಿಮೆಯ ಆಸೆಗೆ ಬೀಳಬೇಡಿ. ಮೂವತ್ತು ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಟಿಕೆ, ಎಒಕೆ, ಬಾರ್ಮರ್ ಮುಂತಾದ ಸಾರ್ವಜನಿಕ ವಿಮಾ ನಿಧಿಗಳಲ್ಲಿ ರಿಯಾಯಿತಿ ದರವಿದೆ, ಅದು ತಿಂಗಳಿಗೆ 140 ಯೂರೊಗಿಂತ ಸ್ವಲ್ಪ ಹೆಚ್ಚು. ಆರಂಭದಲ್ಲಿ ಖಾಸಗಿ ವಿಮೆಯನ್ನು ಆರಿಸಿ ಸಾರ್ವಜನಿಕ ವಿಮೆಯಿಂದ ವಿನಾಯಿತಿ ಪಡೆದುಬಿಟ್ಟರೆ ಓದು ಮುಗಿಯುವವರೆಗೆ ಹಿಂದಿರುಗುವ ದಾರಿ ಮುಚ್ಚಿಹೋಗುತ್ತದೆ. ವಿಮಾ ನಿಧಿಯೇ ವಿಶ್ವವಿದ್ಯಾಲಯಕ್ಕೆ ವಿದ್ಯುನ್ಮಾನ ದೃಢೀಕರಣ ಕಳಿಸುತ್ತದೆ, ಅದು ಬಂದ ಮೇಲೆಯೇ ಪ್ರವೇಶ ಪೂರ್ತಿಯಾಗುತ್ತದೆ.

ನಿಮ್ಮ ವೀಸಾ ಕೆಲವೇ ತಿಂಗಳಿನದಾಗಿದ್ದರೆ ಅದು ಮುಗಿಯುವ ಮೊದಲೇ ವಿದೇಶಿಯರ ಕಚೇರಿಗೆ ವಾಸದ ಪರವಾನಗಿಯ ಅರ್ಜಿ ಸಲ್ಲಿಸಬೇಕು. ಶುಲ್ಕ ಸುಮಾರು 100 ಯೂರೊ. ಅವಧಿ ಮುಗಿಯುವ ಮುಂಚೆ ಅರ್ಜಿ ಹಾಕಿದ್ದರೆ, ಕಾರ್ಡು ತಡವಾದರೂ ನಿಮ್ಮ ವಾಸ ಕಾನೂನುಬದ್ಧವಾಗಿಯೇ ಮುಂದುವರಿಯುತ್ತದೆ. ಆದರೆ ಆ ನಡುವೆ ಊರಿಗೆ ಬಂದು ಹೋಗುವ ಯೋಚನೆಯಿದ್ದರೆ ಕಚೇರಿಯನ್ನು ಕೇಳದೆ ಟಿಕೆಟ್ ತೆಗೆಸಬೇಡಿ.

ಕೊನೆಯದಾಗಿ, ಆಕಾಶವಾಣಿ–ದೂರದರ್ಶನ ವಂತಿಗೆಯ ಪತ್ರವೊಂದು ನೋಂದಣಿಯ ಬೆನ್ನಿಗೇ ಬರುತ್ತದೆ. ತಿಂಗಳಿಗೆ 18.36 ಯೂರೊ. ಟಿವಿ ಇಲ್ಲವೆಂದು ಅದನ್ನು ಎಸೆಯಬೇಡಿ, ಬಾಕಿ ಬೆಳೆಯುತ್ತದೆ. ವಂತಿಗೆ ಮನೆಗೊಂದು, ಆದ್ದರಿಂದ ವೇಗೇಯಲ್ಲಿ ಒಬ್ಬರು ಕಟ್ಟುತ್ತಿದ್ದರೆ ಅವರ ಸಂಖ್ಯೆಯನ್ನು ತಿಳಿಸಿ ನಿಮ್ಮ ಪಾಲನ್ನು ಅವರಿಗೆ ಕೊಟ್ಟರೆ ಸಾಕು.

ತರಗತಿ ಮತ್ತು ಪರೀಕ್ಷೆ

ವೇಳಾಪಟ್ಟಿಯಲ್ಲಿ ಹತ್ತು ಗಂಟೆಯ ಮುಂದೆ ಸಿ.ಟಿ. ಎಂದಿದ್ದರೆ ತರಗತಿ ಹತ್ತೂಕಾಲಿಗೆ ಶುರುವಾಗುತ್ತದೆ, ಎಸ್.ಟಿ. ಎಂದಿದ್ದರೆ ಹತ್ತಕ್ಕೆ ಸರಿಯಾಗಿ. ಹಾಜರಿ ಕರೆಯುವುದು ಅಪರೂಪ, ಇಂಟರ್ನಲ್ಸ್ ಅಂಕವೂ ಹೆಚ್ಚಿನ ಕೋರ್ಸ್‌ಗಳಲ್ಲಿಲ್ಲ. ಈ ಸ್ವಾತಂತ್ರ್ಯವೇ ನಮ್ಮವರಿಗೆ ಮುಳುವಾಗುವುದುಂಟು. ಯುರೋಪಿನ ಕ್ರೆಡಿಟ್ ಪದ್ಧತಿಯಾದ ಇಸಿಟಿಎಸ್‌ನ ಒಂದು ಅಂಕಕ್ಕೆ 25ರಿಂದ 30 ಗಂಟೆಯ ಕೆಲಸವೆಂದು ಲೆಕ್ಕ. ಆರು ಅಂಕದ ವಿಷಯವೆಂದರೆ ತರಗತಿಯ ಹೊರಗಿನ ಓದೂ ಸೇರಿ 150ರಿಂದ 180 ಗಂಟೆ. ಎರಡು ವರ್ಷದ ಸ್ನಾತಕೋತ್ತರ ಪದವಿಗೆ 120 ಅಂಕಗಳಾಗಬೇಕು.

ಕೋರ್ಸಿಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಬಂದಂತಾಗುವುದಿಲ್ಲ, ಪ್ರತಿ ಪರೀಕ್ಷೆಗೂ ನಿಗದಿತ ದಿನಾಂಕದೊಳಗೆ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಒಂದೇ ಪರೀಕ್ಷೆಯನ್ನು ಎಷ್ಟು ಬಾರಿ ಬರೆಯಬಹುದು ಎಂಬುದಕ್ಕೆ ಮಿತಿಯಿದೆ. ನಮ್ಮಲ್ಲಿ ಬ್ಯಾಕ್‌ಲಾಗ್ ಉಳಿಸಿಕೊಂಡು ಮುಂದೆ ಸಾಗಿದಂತೆ ಅಲ್ಲಿ ಸಾಗಲಾಗದು; ಕಡ್ಡಾಯ ವಿಷಯದ ಕೊನೆಯ ಅವಕಾಶದಲ್ಲೂ ಅನುತ್ತೀರ್ಣರಾದರೆ ಆ ಪದವಿ ಕೋರ್ಸಿನಿಂದಲೇ ಹೊರಬೀಳಬೇಕಾಗುತ್ತದೆ, ಜರ್ಮನಿಯ ಬೇರೆ ವಿಶ್ವವಿದ್ಯಾಲಯಗಳಲ್ಲೂ ಅದೇ ಕೋರ್ಸಿಗೆ ಸೇರುವುದು ಸಾಮಾನ್ಯವಾಗಿ ಸಾಧ್ಯವಾಗುವುದಿಲ್ಲ. ಆದ್ದರಿಂದ ನಿಮ್ಮ ಕೋರ್ಸಿನ ಪರೀಕ್ಷಾ ನಿಯಮಾವಳಿಯನ್ನು ಮೊದಲ ವಾರದಲ್ಲಿಯೇ ಓದಿ. ಪರೀಕ್ಷೆಯ ದಿನ ಕಾಯಿಲೆಯಾದರೆ ಅಂದೇ ವೈದ್ಯರ ಪ್ರಮಾಣಪತ್ರ ಪಡೆಯಿರಿ.

ಪ್ರಾಧ್ಯಾಪಕರಿಗೆ ಬರೆಯುವಾಗ ಸರ್, ಮೇಡಂ ಎಂಬ ಸಂಬೋಧನೆ ನಡೆಯುವುದಿಲ್ಲ. ಬಿರುದು ಮತ್ತು ಕುಲನಾಮದಿಂದ ಸಂಬೋಧಿಸಿ, ಪ್ರಶ್ನೆಯನ್ನು ನೇರವಾಗಿ ಕೇಳಿ. ಅವರೊಡನೆ ತರಗತಿಯಲ್ಲಿ ಭಿನ್ನಾಭಿಪ್ರಾಯ ಹೇಳುವುದನ್ನು ಅಲ್ಲಿ ಯಾರೂ ಉದ್ಧಟತನವೆಂದು ಎಣಿಸುವುದಿಲ್ಲ.

ಕೆಲಸ ಮತ್ತು ಸಂಪಾದನೆ

2024ರ ಮಾರ್ಚ್‌ನಿಂದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ವಿಶ್ವವಿದ್ಯಾಲಯದಲ್ಲಿ ಹಿವಿ ಎಂದು ಕರೆಯುವ ವಿದ್ಯಾರ್ಥಿ ಸಹಾಯಕರ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಅದು ಎಲ್ಲಕ್ಕಿಂತ ಒಳ್ಳೆಯದು. ಕನಿಷ್ಠ ವೇತನ 2026ರ ಜನವರಿಯಿಂದ ಗಂಟೆಗೆ 13.90 ಯೂರೊ, ಮಿನಿಜಾಬ್ ಎಂಬ ಸಣ್ಣ ಅರೆಕಾಲಿಕ ಕೆಲಸದ ಸಂಪಾದನೆಯ ಮಿತಿ ತಿಂಗಳಿಗೆ 603 ಯೂರೊ. ಯಾರದೇ ನೌಕರನಾಗದೆ ಸ್ವತಂತ್ರವಾಗಿ ಬಿಲ್ಲು ಕೊಟ್ಟು ಮಾಡುವ ಕೆಲಸಕ್ಕೆ ವಿದೇಶಿಯರ ಕಚೇರಿಯ ಪ್ರತ್ಯೇಕ ಅನುಮತಿ ಬೇಕು. ಮೊದಲ ಸೆಮಿಸ್ಟರಿನಲ್ಲಿ ಸಂಪಾದನೆಯನ್ನು ನಂಬಿ ಬಜೆಟ್ ಹಾಕಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ: ಜರ್ಮನ್ ಬಾರದವರಿಗೆ ಸಣ್ಣ ಊರಿನಲ್ಲಿ ಕೆಲಸಗಳು ಕಡಿಮೆ.

ದಿನನಿತ್ಯದ ಬದುಕು

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ತರಕಾರಿ, ಹಾಲು ತಂದಿಟ್ಟುಕೊಳ್ಳಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ, ಮತ್ತು ಭಾನುವಾರ ಇಡೀ ದಿನ, ಗದ್ದಲ ಮಾಡುವಂತಿಲ್ಲ. ಕಸವನ್ನು ಕಾಗದ, ಪ್ಯಾಕಿಂಗ್ ಸಾಮಗ್ರಿ, ಅಡುಗೆಮನೆಯ ಹಸಿಕಸ, ಉಳಿದ ಕಸ ಎಂದು ಬೇರ್ಪಡಿಸಬೇಕು. ಗಾಜಿನ ಬಾಟಲಿಗಳಿಗೆ ಬೀದಿಯಲ್ಲಿ ಬೇರೆ ಡಬ್ಬಗಳಿವೆ. ಪ್ಲಾಸ್ಟಿಕ್ ಬಾಟಲಿ ಮತ್ತು ಕ್ಯಾನುಗಳ ಬೆಲೆಯಲ್ಲಿ 25 ಸೆಂಟ್ ಠೇವಣಿ ಸೇರಿರುತ್ತದೆ, ಖಾಲಿಯಾದ ಮೇಲೆ ಅಂಗಡಿಯ ಯಂತ್ರಕ್ಕೆ ಹಾಕಿದರೆ ಅದು ಮರಳಿ ಸಿಗುತ್ತದೆ. ಟ್ಯೂಬಿಂಗನ್‌ನದೇ ಒಂದು ವಿಶೇಷವೂ ಇದೆ: 2022ರಿಂದ ಇಲ್ಲಿ ಒಮ್ಮೆ ಬಳಸಿ ಎಸೆಯುವ ಊಟದ ಡಬ್ಬಿ, ಕಾಫಿ ಲೋಟಗಳ ಮೇಲೆ ತಲಾ 50 ಸೆಂಟ್ ನಗರ ತೆರಿಗೆ ಬೀಳುತ್ತದೆ. ಒಂದು ಸ್ಟೀಲ್ ಡಬ್ಬಿ ಚೀಲದಲ್ಲಿರಲಿ.

ಈ ಪ್ರದೇಶವನ್ನು ಶ್ವಾಬೆನ್ ಎನ್ನುತ್ತಾರೆ. ಇಲ್ಲಿನ ಹಳೆಯ ಪದ್ಧತಿಯಾದ ಕೇರ್‌ವೋಖೆಯ ಪ್ರಕಾರ ಕಟ್ಟಡದ ಮೆಟ್ಟಿಲು, ಹೊರಗಿನ ಕಾಲುದಾರಿಗಳನ್ನು ಗುಡಿಸುವ ಕೆಲಸ ವಾರಕ್ಕೊಂದು ಮನೆಯಂತೆ ಸರದಿಯಲ್ಲಿ ಬರುತ್ತದೆ. ಚಳಿಗಾಲದಲ್ಲಿ ಹಿಮ ತೆಗೆಯುವುದೂ ಸೇರಿರಬಹುದು. ಬಾಗಿಲಿಗೆ ಫಲಕ ನೇತುಹಾಕಿದ್ದರೆ ಈ ವಾರ ನಿಮ್ಮದು. ಬೆಳಗಾಗೆದ್ದು ಅಂಗಳ ಗುಡಿಸಿ ನೀರು ಹಾಕುವ ಮನೆಯಲ್ಲಿ ಬೆಳೆದವರಿಗೆ ಇದೇನೂ ಹೊಸದಲ್ಲ, ಆದರೆ ಮರೆತರೆ ನೆರೆಯವರೊಡನೆ ಸಂಬಂಧ ಕೆಡುವುದು ಇದರಿಂದಲೇ.

ಅಡುಗೆಯ ಬಗ್ಗೆ ಒಂದು ಎಚ್ಚರಿಕೆ. ಒಗ್ಗರಣೆಯ ಹೊಗೆಗೆ ಹೊಗೆ ಸೂಚಕ ಗಂಟೆ ಕೂಗಬಹುದು; ಅನ್ನ, ಸಾರಿನ ಹಬೆ ಮುಚ್ಚಿದ ಕೋಣೆಯ ತಣ್ಣನೆಯ ಗೋಡೆಯ ಮೇಲೆ ನೀರಾಗಿ ಕುಳಿತು ಬೂಷ್ಟು ಹಿಡಿಯುತ್ತದೆ. ಚಳಿಯಿದ್ದರೂ ದಿನಕ್ಕೆ ಎರಡು ಮೂರು ಸಲ ಕಿಟಕಿಗಳನ್ನು ಐದರಿಂದ ಹತ್ತು ನಿಮಿಷ ಪೂರ್ತಿ ತೆರೆದು ಗಾಳಿಯಾಡಿಸಬೇಕು. ಬೂಷ್ಟು ಬಿದ್ದ ಗೋಡೆಯ ಖರ್ಚು ನಿಮ್ಮ ಮುಂಗಡದಲ್ಲಿ ಕಡಿತವಾಗುವ ಸಂಭವವಿದೆ. ಮಧ್ಯಾಹ್ನದ ಊಟಕ್ಕೆ ವಿಲ್ಹೆಲ್ಮ್ ರಸ್ತೆ ಮತ್ತು ಮೋರ್ಗೆನ್‌ಸ್ಟೆಲ್ಲೆಯ ಮೆನ್ಸಾ, ಅಂದರೆ ವಿದ್ಯಾರ್ಥಿ ಭೋಜನಶಾಲೆಗಳಿವೆ. ಸಸ್ಯಾಹಾರ ದಿನವೂ ಸಿಗುತ್ತದೆ, ಖಾರವನ್ನು ಮಾತ್ರ ನಿರೀಕ್ಷಿಸಬೇಡಿ. ಓಡಾಟಕ್ಕೆ, ಬಾಡೆನ್-ವುರ್ಟೆಂಬರ್ಗ್‌ನಲ್ಲಿ 27 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ದೇಶದ ಎಲ್ಲ ಸ್ಥಳೀಯ ರೈಲು, ಬಸ್ಸುಗಳಲ್ಲಿ ನಡೆಯುವ ರಿಯಾಯಿತಿ ಟಿಕೆಟ್ ಇದೆ. ಉಳಿದವರಿಗೆ ಅದೇ ಬಗೆಯ ಡಾಯ್ಚ್‌ಲ್ಯಾಂಡ್ ಟಿಕೆಟ್‌ನ ದರ 2026ರ ಜನವರಿಯಿಂದ ತಿಂಗಳಿಗೆ 63 ಯೂರೊ.

ಕಾಯಿಲೆ ಬಿದ್ದರೆ ನೇರವಾಗಿ ಆಸ್ಪತ್ರೆಗೆ ಹೋಗುವ ರೂಢಿ ಅಲ್ಲಿಲ್ಲ. ಆರೋಗ್ಯವಾಗಿರುವಾಗಲೇ ಹತ್ತಿರದ ಕುಟುಂಬ ವೈದ್ಯರೊಬ್ಬರಲ್ಲಿ ಹೆಸರು ನೋಂದಾಯಿಸಿಕೊಳ್ಳಿ. ಅವರ ಕ್ಲಿನಿಕ್ ಮುಚ್ಚಿರುವ ಹೊತ್ತಿನಲ್ಲಿ 116117 ಸಂಖ್ಯೆಗೆ, ಪ್ರಾಣಾಪಾಯದ ಸಂದರ್ಭದಲ್ಲಿ 112ಕ್ಕೆ ಕರೆಮಾಡಬೇಕು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತದೆ. ವರ್ಷವಿಡೀ ಬಿಸಿಲು ಕಂಡವರ ಮನಸ್ಸಿನ ಮೇಲೆ ಇದರ ಪರಿಣಾಮ ನಾವು ಎಣಿಸಿದ್ದಕ್ಕಿಂತ ಹೆಚ್ಚು. ನಿದ್ದೆ, ಊಟ, ಓದು ಮೂರೂ ಏರುಪೇರಾದರೆ ವಿದ್ಯಾರ್ಥಿ ಕಲ್ಯಾಣ ಸಂಸ್ಥೆಯ ಆಪ್ತಸಮಾಲೋಚಕರನ್ನು ಕಾಣಲು ಸಂಕೋಚ ಬೇಡ.

ಪದವಿಯ ನಂತರ

ಪದವಿ ಮುಗಿಸಿದವರಿಗೆ ತಕ್ಕ ಕೆಲಸ ಹುಡುಕಲು 18 ತಿಂಗಳ ವಾಸದ ಪರವಾನಗಿ ಸಿಗುತ್ತದೆ. ಈಗಿರುವ ಪರವಾನಗಿಯ ಅವಧಿ ಮುಗಿಯುವ ಮೊದಲೇ ಅದಕ್ಕೆ ಅರ್ಜಿ ಹಾಕಬೇಕು. ದೇಶ ಬಿಡುವವರು ಮನೆ ಖಾಲಿ ಮಾಡುವ ನೋಟಿಸನ್ನು ಸಾಮಾನ್ಯವಾಗಿ ಮೂರು ತಿಂಗಳು ಮುಂಚೆ, ಸಹಿ ಮಾಡಿದ ಕಾಗದದ ಮೇಲೆ ಕೊಡಬೇಕು. ಹೊರಡುವ ವಾರದಲ್ಲಿ ಬ್ಯುರ್ಗರ್‌ಆಮ್ಟ್‌ನಲ್ಲಿ ಹೆಸರು ತೆಗೆಸಿ, ಆ ಪತ್ರವನ್ನು ತೋರಿಸಿ ವಿಮೆ ಮತ್ತು ದೂರದರ್ಶನ ವಂತಿಗೆಯನ್ನು ನಿಲ್ಲಿಸಬಹುದು. ಬ್ಯಾಂಕ್ ಖಾತೆಯನ್ನು ಮಾತ್ರ ಕೂಡಲೇ ಮುಚ್ಚಬೇಡಿ: ನೀರು ಮತ್ತು ಬಿಸಿಯ ವಾರ್ಷಿಕ ಲೆಕ್ಕ ಮುಗಿಯುವವರೆಗೆ ಮಾಲೀಕರು ಮುಂಗಡದ ಒಂದು ಭಾಗವನ್ನು ಉಳಿಸಿಕೊಳ್ಳುವುದುಂಟು, ಅದು ಮರುವರ್ಷ ಆ ಖಾತೆಗೇ ಬರುತ್ತದೆ.